ಹಾಳಾದ ಹಲ್ಲು, ಕಳೆದುಹೋದ ಹಲ್ಲು: ಲಭ್ಯವಿರುವ ಚಿಕಿತ್ಸೆಗಳು ಮತ್ತು ಗ್ರಾಮ ಪಂಚಾಯತಿ ಸದಸ್ಯರ ಪಾತ್ರ

ಗ್ರಾಮ ಸಭೆಗಳಲ್ಲಿ ರಸ್ತೆ, ಚರಂಡಿ, ಕುಡಿಯುವ ನೀರು ಮತ್ತು ಬೀದಿ ದೀಪಗಳ ಕುರಿತು ಅಹವಾಲುಗಳು ಬರುತ್ತವೆ; ಹಲ್ಲಿನ ಕುರಿತು ಬರುವುದು ಅಪರೂಪ. ಹಲ್ಲುನೋವನ್ನು ಗ್ರಾಮಸ್ಥರು ತಮ್ಮ ಮನೆಯೊಳಗಿನ ಕಷ್ಟವೆಂದೇ ಭಾವಿಸುತ್ತಾರೆ. ರಾತ್ರಿಯೆಲ್ಲ ನಿದ್ದೆಗೆಟ್ಟವರು ಬೆಳಿಗ್ಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ಕೂಲಿಗೆ ಹೊರಡುತ್ತಾರೆ. ತಾಳಲಾರದಂತಾದಾಗ ಪಟ್ಟಣಕ್ಕೆ ಹೋಗಿ ಹಲ್ಲು ಕೀಳಿಸಿಕೊಂಡು ಬರುತ್ತಾರೆ. ಅಲ್ಲಿಗೆ ಪ್ರಕರಣ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ. ವಾಸ್ತವದಲ್ಲಿ ಆ ಬಾಯಿಯ ಎರಡನೆಯ ತೊಂದರೆ ಅಂದೇ ಆರಂಭವಾಗಿರುತ್ತದೆ.

ಬಾಯಿಯ ಕಾಯಿಲೆಗಳು ಜಗತ್ತಿನಲ್ಲಿ ಸುಮಾರು 350 ಕೋಟಿ ಜನರನ್ನು ಬಾಧಿಸುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2022ರ ತನ್ನ ವರದಿಯಲ್ಲಿ ತಿಳಿಸಿದೆ. ಇವುಗಳಲ್ಲಿ ಬಹುಪಾಲು ತಡೆಯಬಹುದಾದವು, ಬೇಗ ಗುರುತಿಸಿದರೆ ಅಲ್ಪ ವೆಚ್ಚದಲ್ಲಿ ಗುಣಪಡಿಸಬಹುದಾದವು. ಹೀಗಿದ್ದರೂ ಉಳಿಸಬಹುದಾದ ಹಲ್ಲನ್ನು ಹಳ್ಳಿಗಳಲ್ಲಿ ಕೀಳಿಸಿಬಿಡುವುದಕ್ಕೆ ಒಂದು ಸರಳ ಕಾರಣವಿದೆ. ಕೀಳುವ ಕೆಲಸ ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ಉಳಿಸುವ ಕೆಲಸಕ್ಕೆ ಎರಡು ಮೂರು ಬಾರಿ ಹೋಗಬೇಕಾಗುತ್ತದೆ. ಪ್ರತಿ ಭೇಟಿಗೂ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಮತ್ತು ಜೊತೆಗೆ ಬರುವವರ ಕೂಲಿ ಹೋಗುತ್ತದೆ. ಹಲ್ಲಿನ ಹಣೆಬರಹವನ್ನು ಅನೇಕ ವೇಳೆ ನಿರ್ಧರಿಸುವುದು ಹುಳುಕಿನ ಆಳವಲ್ಲ, ಊರಿಂದ ಆಸ್ಪತ್ರೆಗಿರುವ ದೂರ. ಈ ದೂರವನ್ನು ಕಡಿಮೆ ಮಾಡುವುದರಲ್ಲಿ ಪಂಚಾಯತಿ ಸದಸ್ಯರಿಗೆ ಪಾತ್ರವಿದೆ. ಅದಕ್ಕೆ ಮೊದಲು ಯಾವ ಹಂತದಲ್ಲಿ ಯಾವ ಚಿಕಿತ್ಸೆ ಇದೆ, ಅದಕ್ಕೆ ಎಷ್ಟು ಭೇಟಿ ಬೇಕು ಎಂಬುದನ್ನು ಸದಸ್ಯರು ತಿಳಿದಿರುವುದು ಅವಶ್ಯಕ.

ಹಲ್ಲು ಹಾಳಾಗುವ ಬಗೆ

ಮಕ್ಕಳಿಗೆ 20 ಹಾಲುಹಲ್ಲುಗಳು, ವಯಸ್ಕರಿಗೆ ಬುದ್ಧಿಹಲ್ಲುಗಳೂ ಸೇರಿ 32 ಶಾಶ್ವತ ಹಲ್ಲುಗಳಿರುತ್ತವೆ. ಪ್ರತಿ ಹಲ್ಲಿಗೂ ಮೂರು ಪದರಗಳು. ಹೊರಗಿನದು ಎನಾಮಲ್, ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ಅದರ ಒಳಗೆ ಡೆಂಟಿನ್ ಎಂಬ ಸ್ವಲ್ಪ ಮೃದುವಾದ ಪದರ. ನಡುವೆ ನರ ಮತ್ತು ರಕ್ತನಾಳಗಳಿರುವ ದಂತಮಜ್ಜೆ.

ಹಲ್ಲಿಗೆ ಹುಳ ಹಿಡಿದಿದೆ ಎಂಬುದು ವಾಡಿಕೆಯ ಮಾತು. ನಿಜವಾಗಿ ಅಲ್ಲಿ ಹುಳವಿರುವುದಿಲ್ಲ. ಬಾಯಿಯಲ್ಲಿರುವ ಸೂಕ್ಷ್ಮಾಣುಗಳು ಹಲ್ಲಿಗೆ ಅಂಟಿದ ಸಿಹಿ ಮತ್ತು ಹಿಟ್ಟಿನ ಅಂಶವನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಎನಾಮಲನ್ನು ನಿಧಾನವಾಗಿ ಕರಗಿಸುತ್ತದೆ. ಹುಳುಕು ಎನಾಮಲಿನಲ್ಲಿರುವವರೆಗೆ ನೋವಿರುವುದಿಲ್ಲ. ಬಿಳಿಯ ಅಥವಾ ಕಂದು ಚುಕ್ಕೆ ಮಾತ್ರ ಕಾಣುತ್ತದೆ. ಡೆಂಟಿನ್ ತಲುಪಿದಾಗ ತಣ್ಣನೆಯ ನೀರು ಅಥವಾ ಸಿಹಿ ತಗುಲಿದರೆ ಜುಮ್ಮೆನ್ನುತ್ತದೆ. ಮಜ್ಜೆಯನ್ನು ತಲುಪಿದಾಗ ಮಲಗಗೊಡದಂತಹ ನೋವು ಬರುತ್ತದೆ. ಆ ಹಂತವೂ ದಾಟಿ ನರ ಸತ್ತಮೇಲೆ ನೋವು ತಾನಾಗಿಯೇ ನಿಲ್ಲುತ್ತದೆ. ಹಲ್ಲು ಸರಿಹೋಯಿತೆಂದು ಜನರು ನೆಮ್ಮದಿ ಪಡುವುದು ಈ ಹಂತದಲ್ಲಿಯೇ; ಆದರೆ ಸೋಂಕು ಬೇರಿನ ತುದಿಗೆ ಇಳಿದು ಮೂಳೆಯಲ್ಲಿ ಕೀವು ಕಟ್ಟಲು ತೊಡಗಿರುತ್ತದೆ.

ಹಲ್ಲು ಹೋಗಲು ಎರಡನೆಯ ದೊಡ್ಡ ಕಾರಣ ಒಸಡಿನ ರೋಗ. ಹಲ್ಲಿನ ಬುಡದಲ್ಲಿ ಕಟ್ಟಿದ ಪಾಚಿ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಒಸಡು ಊದಿ ರಕ್ತ ಒಸರುತ್ತದೆ. ಹಲ್ಲನ್ನು ಹಿಡಿದ ಮೂಳೆ ಕರಗಿ ಹುಳುಕಿಲ್ಲದ ಹಲ್ಲೂ ಅಲುಗಾಡುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ತಂಬಾಕು ಬಳಸುವವರಲ್ಲಿ ಇದು ಹೆಚ್ಚು. ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಅನೇಕರಲ್ಲಿದೆ. ಹಲ್ಲನ್ನು ಸಡಿಲಗೊಳಿಸುವುದು ಕಿಟ್ಟವೇ ಹೊರತು ಅದನ್ನು ತೆಗೆಯುವ ಕ್ರಿಯೆಯಲ್ಲ.

ಮೊದಲ ಹಂತ: ಹಲ್ಲಿಗೆ ಸಿಮೆಂಟು ತುಂಬುವುದು

ಹುಳುಕು ಮಜ್ಜೆಯನ್ನು ತಲುಪುವ ಮೊದಲು ಪತ್ತೆಯಾದರೆ ಕೊಳೆತ ಭಾಗವನ್ನಷ್ಟೇ ಕೆರೆದು ತೆಗೆದು ಕುಳಿಯನ್ನು ತುಂಬಲಾಗುತ್ತದೆ. ಇದನ್ನೇ ಫಿಲ್ಲಿಂಗ್ ಅಥವಾ ಸಿಮೆಂಟು ತುಂಬುವುದು ಎನ್ನುತ್ತಾರೆ. ಹಲ್ಲಿನ ಬಣ್ಣದ ಕಾಂಪೊಸಿಟ್ ಮತ್ತು ಗ್ಲಾಸ್ ಅಯನೊಮರ್ ಎಂಬ ಸಿಮೆಂಟು ಸಾಮಾನ್ಯವಾಗಿ ಬಳಕೆಯಲ್ಲಿವೆ. ಸಾಧಾರಣವಾಗಿ ಒಂದೇ ಭೇಟಿಯಲ್ಲಿ ಈ ಕೆಲಸ ಮುಗಿಯುತ್ತದೆ. ಎಲ್ಲ ಚಿಕಿತ್ಸೆಗಳಲ್ಲಿ ಇದರ ವೆಚ್ಚ ಕಡಿಮೆ, ನೋವೂ ಕಡಿಮೆ.

ವಿದ್ಯುತ್ ಕೈಕೊಡುವ ಸ್ಥಳಗಳಲ್ಲಿಯೂ ಮಾಡಬಹುದಾದ ವಿಧಾನವೊಂದಿದೆ. ಯಂತ್ರವಿಲ್ಲದೆ ಕೈ ಉಪಕರಣಗಳಿಂದಲೇ ಕೊಳೆತ ಭಾಗವನ್ನು ತೆಗೆದು ಗ್ಲಾಸ್ ಅಯನೊಮರ್ ತುಂಬುವುದೇ ಆ ವಿಧಾನ. ಶಾಲಾ ಶಿಬಿರಗಳಿಗೆ ಇದು ಹೊಂದುತ್ತದೆ. ಚಿಕ್ಕ ಮಕ್ಕಳ ಹುಳುಕಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರಾವಣವನ್ನು ಹಚ್ಚಿ ಹುಳುಕು ಮುಂದುವರಿಯದಂತೆ ತಡೆಯುವುದೂ ಸಾಧ್ಯ. ಹಚ್ಚಿದ ಜಾಗ ಕಪ್ಪಾಗುತ್ತದೆ ಎಂಬುದನ್ನು ಪೋಷಕರಿಗೆ ಮೊದಲೇ ತಿಳಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಈ ದ್ರಾವಣವನ್ನೂ ಗ್ಲಾಸ್ ಅಯನೊಮರ್ ಸಿಮೆಂಟನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.

ಮಕ್ಕಳ ವಿಷಯದಲ್ಲಿ ಎರಡು ಮಾತುಗಳನ್ನು ತಾಯಂದಿರ ಸಭೆಗಳಲ್ಲಿ ಹೇಳುವುದು ಉಪಯುಕ್ತ. ಹಾಲುಹಲ್ಲು ಹೇಗಿದ್ದರೂ ಬಿದ್ದುಹೋಗುತ್ತದೆ ಎಂದು ಹುಳುಕನ್ನು ಕಡೆಗಣಿಸಬಾರದು. ಅದು ಕಾಲಕ್ಕೆ ಮೊದಲೇ ಹೋದರೆ ಮುಂದೆ ಬರುವ ಹಲ್ಲಿಗೆ ಜಾಗ ಉಳಿಯದೆ ಅಡ್ಡಾದಿಡ್ಡಿಯಾಗುತ್ತದೆ. ಎರಡನೆಯದಾಗಿ, ಸುಮಾರು 6ನೆಯ ವಯಸ್ಸಿನಲ್ಲಿ ಹಾಲುಹಲ್ಲುಗಳ ಸಾಲಿನ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಯಾವ ಹಲ್ಲೂ ಬೀಳದೆಯೇ ಇದು ಬರುವುದರಿಂದ ಪೋಷಕರು ಇದನ್ನೂ ಹಾಲುಹಲ್ಲೆಂದು ತಿಳಿಯುತ್ತಾರೆ. ಇದು ಜೀವನಪರ್ಯಂತ ಅಗಿಯಬೇಕಾದ ಹಲ್ಲು. ಹೋದರೆ ಮತ್ತೆ ಬರುವುದಿಲ್ಲ.

ಎರಡನೆಯ ಹಂತ: ಬೇರುನಾಳದ ಚಿಕಿತ್ಸೆ ಮತ್ತು ಕ್ಯಾಪ್

ಸೋಂಕು ಮಜ್ಜೆಯನ್ನು ತಲುಪಿದ ಮೇಲೆ ಸಿಮೆಂಟು ತುಂಬುವುದರಿಂದ ಪ್ರಯೋಜನವಿಲ್ಲ. ಆಗ ಮಾಡುವುದು ಬೇರುನಾಳದ ಚಿಕಿತ್ಸೆ. ಜನಬಳಕೆಯಲ್ಲಿ ಇದರ ಹೆಸರು ರೂಟ್ ಕೆನಾಲ್. ಮರಗಟ್ಟಿಸುವ ಚುಚ್ಚುಮದ್ದು ನೀಡಿ, ಹಲ್ಲಿನ ಒಳಗಿನ ಸೋಂಕಿತ ಮಜ್ಜೆಯನ್ನು ಹೊರತೆಗೆದು, ಬೇರಿನ ನಾಳಗಳನ್ನು ತೊಳೆದು ಶುಚಿಗೊಳಿಸಿ, ಗಟಾಪರ್ಚಾ ಎಂಬ ವಸ್ತುವಿನಿಂದ ಮುಚ್ಚಲಾಗುತ್ತದೆ. ಸೋಂಕಿನ ಪ್ರಮಾಣವನ್ನು ಅನುಸರಿಸಿ 1ರಿಂದ 3 ಭೇಟಿಗಳು ಬೇಕಾಗಬಹುದು.

ಇಲ್ಲಿ ಗ್ರಾಮಸ್ಥರು ತಪ್ಪುವುದು ಎರಡು ಕಡೆ. ಮೊದಲ ಭೇಟಿಯಲ್ಲಿಯೇ ನೋವು ನಿಲ್ಲುವುದರಿಂದ ಎರಡನೆಯ ಭೇಟಿಗೆ ಹೋಗುವುದಿಲ್ಲ. ತಾತ್ಕಾಲಿಕ ಸಿಮೆಂಟು ಕೆಲವು ವಾರಗಳಲ್ಲಿ ಕಿತ್ತುಹೋಗಿ ಸೋಂಕು ಮರಳುತ್ತದೆ. ಮಾಡಿದ ಖರ್ಚು ವ್ಯರ್ಥವಾಗುತ್ತದೆ. ಎರಡನೆಯದಾಗಿ, ನಾಳ ತುಂಬಿಸಿದ ನಂತರ ಕ್ಯಾಪ್ ಹಾಕಿಸುವುದನ್ನು ಬಿಡುತ್ತಾರೆ. ಹುಳುಕಿನಿಂದಲೂ ಚಿಕಿತ್ಸೆಯಿಂದಲೂ ಟೊಳ್ಳಾದ ದವಡೆಹಲ್ಲು ಜೋಳದ ರೊಟ್ಟಿಯ ಗಟ್ಟಿ ಅಂಚಿಗೋ ಹುರಿಗಡಲೆಗೋ ಸೀಳಿಹೋಗಬಹುದು. ಲೋಹದ ಅಥವಾ ಪಿಂಗಾಣಿಯ ಕ್ಯಾಪ್ ಅದನ್ನು ಸುತ್ತಲೂ ಹಿಡಿದು ಕಾಪಾಡುತ್ತದೆ. ದವಡೆಹಲ್ಲಿಗೆ ಲೋಹದ ಕ್ಯಾಪ್ ಸಾಕು. ಅದರ ವೆಚ್ಚವೂ ಕಡಿಮೆ. ಬೇರುನಾಳದ ಚಿಕಿತ್ಸೆ ಮಾಡಿಸಿಕೊಳ್ಳುವವರಿಗೆ ಕ್ಯಾಪ್ ಹಾಕುವವರೆಗಿನ ಒಟ್ಟು ಭೇಟಿಗಳನ್ನೂ ಒಟ್ಟು ವೆಚ್ಚವನ್ನೂ ಮೊದಲ ದಿನವೇ ಕೇಳಿ ತಿಳಿಯುವಂತೆ ಸಲಹೆ ನೀಡಬೇಕು.

ಮೂರನೆಯ ಹಂತ: ಹಲ್ಲು ಕೀಳುವುದು

ಬೇರಿನವರೆಗೆ ಸೀಳಿದ ಹಲ್ಲು, ಹಿಡಿತದ ಮೂಳೆಯನ್ನು ಸಂಪೂರ್ಣ ಕಳೆದುಕೊಂಡ ಹಲ್ಲು, ಕಟ್ಟಲು ಏನೂ ಉಳಿಯದ ಮೋಟುಹಲ್ಲು ಇವುಗಳನ್ನು ಕೀಳಬೇಕಾಗುತ್ತದೆ. ಹಾಗೆ ಅಗತ್ಯವಿದ್ದಾಗ ಕೀಳಿಸಿಕೊಳ್ಳಲು ಹೆದರುವುದೂ ಸರಿಯಲ್ಲ. ಮೇಲಿನ ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಮಂದವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಹಲ್ಲಿನ ನರಕ್ಕೂ ನೋಟದ ನರಕ್ಕೂ ಸಂಬಂಧವಿಲ್ಲ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಮತ್ತು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ದಂತವೈದ್ಯರಿಗೆ ಮೊದಲೇ ತಿಳಿಸಬೇಕು. ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನು ಜೊತೆಗೆ ಒಯ್ಯಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಗರ್ಭಿಣಿಯರಿಗೆ ಹಲ್ಲಿನ ಚಿಕಿತ್ಸೆ ನಿಷಿದ್ಧವಲ್ಲ. ಮುಂದೂಡಬಹುದಾದ ಚಿಕಿತ್ಸೆಗೆ 4ರಿಂದ 6ನೆಯ ತಿಂಗಳು ಅನುಕೂಲಕರ ಕಾಲ; ತುರ್ತು ಸೋಂಕಿಗೆ ಯಾವ ತಿಂಗಳಿನಲ್ಲಿಯೂ ಚಿಕಿತ್ಸೆ ಪಡೆಯಬೇಕು.

ಕಿತ್ತ ನಂತರ ಇಟ್ಟ ಹತ್ತಿಯನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯವರೆಗೆ ಕಚ್ಚಿ ಹಿಡಿಯಬೇಕು. 24 ಗಂಟೆಗಳ ಕಾಲ ಬಾಯಿ ಮುಕ್ಕಳಿಸಬಾರದು, ಪದೇ ಪದೇ ಉಗುಳಬಾರದು, ಬೀಡಿ ಹಾಗೂ ಎಲೆಯಡಿಕೆ ಮುಟ್ಟಬಾರದು. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯ ಮಾಯಿಸುವ ಪಟ್ಟಿ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಬಹುದು. ರಕ್ತ ನಿಲ್ಲದಿದ್ದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಮರಳಬೇಕು.

ತುರ್ತು ಸಂದರ್ಭಗಳು

ಕೆಳದವಡೆಯ ಅಡಿಯಲ್ಲಿ ಅಥವಾ ನಾಲಗೆಯ ಕೆಳಗೆ ಊತ, ಜೊತೆಗೆ ಜ್ವರ, ಬಾಯಿ ತೆರೆಯಲು ಅಥವಾ ಎಂಜಲು ನುಂಗಲು ಕಷ್ಟ, ಉಸಿರಾಟದಲ್ಲಿ ತೊಡಕು ಕಂಡುಬಂದರೆ ಅದು ಹಲ್ಲುನೋವಿನ ವಿಷಯವಾಗಿ ಉಳಿದಿಲ್ಲ. ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದು ಉಸಿರಿನ ದಾರಿಯನ್ನು ಮುಚ್ಚಬಹುದು, ಜೀವಕ್ಕೆ ಅಪಾಯವಿದೆ. ಶಾಖ ಕೊಡುತ್ತ, ಮಾತ್ರೆ ಬದಲಿಸುತ್ತ ಮನೆಯಲ್ಲಿ ಕೂರದೆ 108 ಆಂಬುಲೆನ್ಸ್ ಕರೆಸಿ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.

ಆಟದ ಮೈದಾನದಲ್ಲಿ ಅಥವಾ ಬೈಕಿನಿಂದ ಬಿದ್ದು ಶಾಶ್ವತ ಹಲ್ಲು ಬುಡಸಮೇತ ಕಳಚಿಬಂದರೆ ಅದನ್ನು ಎಸೆಯಬಾರದು. ಬೇರನ್ನು ಮುಟ್ಟದೆ ಹಲ್ಲಿನ ಬಿಳಿಯ ಭಾಗವನ್ನು ಹಿಡಿದು, ಮಣ್ಣಾಗಿದ್ದರೆ ಉಜ್ಜದೆ ಹಾಲಿನಲ್ಲಿ ಅಥವಾ ಶುದ್ಧ ನೀರಿನಲ್ಲಿ ಒಮ್ಮೆ ಅದ್ದಿ, ಅದೇ ಕುಳಿಯಲ್ಲಿ ಕೂರಿಸಿ ಬಟ್ಟೆ ಕಚ್ಚಿಸಬೇಕು. ಅದು ಸಾಧ್ಯವಾಗದಿದ್ದರೆ ಹಲ್ಲನ್ನು ಹಾಲಿನಲ್ಲಿ ಮುಳುಗಿಸಿ ದಂತವೈದ್ಯರಲ್ಲಿಗೆ ಒಯ್ಯಬೇಕು. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಲುಪಿದರೆ ಅದೇ ಹಲ್ಲು ಮತ್ತೆ ಹಿಡಿದುಕೊಳ್ಳುವ ಸಂಭವ ಹೆಚ್ಚು. ಹಾಲುಹಲ್ಲನ್ನು ಹೀಗೆ ಮರಳಿ ಕೂರಿಸಬಾರದು. ಈ ಮಾಹಿತಿ ಪ್ರತಿ ಶಾಲೆಯ ಸೂಚನಾ ಫಲಕದಲ್ಲಿ ಇರತಕ್ಕದ್ದು.

ಹಲ್ಲು ಹೋದ ಮೇಲೆ

ಒಂದು ಹಲ್ಲು ಹೋದರೆ ಹೋಗಲಿ, ಇನ್ನೂ ಇವೆಯಲ್ಲ ಎಂಬ ಮಾತು ಸಾಮಾನ್ಯ. ಆದರೆ ಹಲ್ಲುಗಳು ಗೋಡೆಯ ಕಲ್ಲುಗಳಂತೆ ಪರಸ್ಪರ ಆಧಾರದಿಂದ ನಿಂತಿರುತ್ತವೆ. ಖಾಲಿ ಜಾಗದತ್ತ ಪಕ್ಕದ ಹಲ್ಲುಗಳು ವಾಲುತ್ತವೆ. ಎದುರಿನ ಸಾಲಿನ ಹಲ್ಲು ತಡೆಯಿಲ್ಲದೆ ಆ ಕಡೆಗೆ ಬೆಳೆದುಬರುತ್ತದೆ. ಸಂದುಗಳಲ್ಲಿ ಆಹಾರ ಸಿಕ್ಕಿ ಅವೂ ಹುಳುಕಾಗುತ್ತವೆ. ಖಾಲಿ ಜಾಗದ ಮೂಳೆ ಸವೆಯುತ್ತದೆ. ಇವುಗಳನ್ನು ತಡೆಯಲು ಮೂರು ವಿಧಾನಗಳಿವೆ.

ಮೊದಲನೆಯದು ತೆಗೆದು ಹಾಕುವ ಕಟ್ಟುಹಲ್ಲು. ಒಂದು ಅಥವಾ ಹಲವು ಹಲ್ಲುಗಳನ್ನು ಅಕ್ರಿಲಿಕ್ ತಟ್ಟೆಯ ಮೇಲೆ ಜೋಡಿಸಿ, ಉಳಿದ ಹಲ್ಲುಗಳಿಗೆ ಕೊಕ್ಕೆಯಿಂದ ಹಿಡಿಸಲಾಗುತ್ತದೆ. ಮೂರರಲ್ಲಿ ಇದು ಅಗ್ಗ. ಊಟದ ನಂತರ ತೆಗೆದು ತೊಳೆಯಬೇಕು.

ಎರಡನೆಯದು ಬ್ರಿಡ್ಜ್. ಖಾಲಿ ಜಾಗದ ಎರಡೂ ಬದಿಯ ಹಲ್ಲುಗಳನ್ನು ಅರೆದು ಸಣ್ಣದಾಗಿಸಿ, ಅವುಗಳ ಮೇಲೆ ಕೂರುವ ಎರಡು ಕ್ಯಾಪುಗಳ ನಡುವೆ ಕೃತಕ ಹಲ್ಲನ್ನು ಬೆಸೆದು ಅಂಟಿಸುವುದು. ಇದು ಸ್ಥಿರವಾಗಿರುತ್ತದೆ, ಅಗಿಯಲು ಅನುಕೂಲ. ಆದರೆ ಒಂದು ಹಲ್ಲಿಗಾಗಿ ಆರೋಗ್ಯವಂತ ಎರಡು ಹಲ್ಲುಗಳನ್ನು ಅರೆಯಬೇಕಾಗಬಹುದು. ಬದಿಯ ಹಲ್ಲುಗಳು ಗಟ್ಟಿಯಿಲ್ಲದಿದ್ದರೆ ಬ್ರಿಡ್ಜ್ ನಿಲ್ಲುವುದಿಲ್ಲ.

ಮೂರನೆಯದು ಇಂಪ್ಲಾಂಟ್. ದವಡೆಯ ಮೂಳೆಯಲ್ಲಿ ಟೈಟಾನಿಯಂ ಲೋಹದ ತಿರುಪನ್ನು ಕೂರಿಸಿ, ಅದು ಮೂಳೆಯೊಡನೆ ಬೆಸೆದುಕೊಳ್ಳಲು ಸಾಧಾರಣವಾಗಿ 3ರಿಂದ 6 ತಿಂಗಳು ಬಿಟ್ಟು, ಅದರ ಮೇಲೆ ಹಲ್ಲನ್ನು ಜೋಡಿಸಲಾಗುತ್ತದೆ. ಪಕ್ಕದ ಹಲ್ಲುಗಳಿಗೆ ಹಾನಿಯಿಲ್ಲ. ಸ್ವಂತ ಹಲ್ಲಿಗೆ ಅತಿ ಸಮೀಪವಾದುದು ಇದೇ. ಆದರೆ ವೆಚ್ಚ ಮೂರರಲ್ಲಿ ಅಧಿಕ. ನಿಯಂತ್ರಣದಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ತಂಬಾಕಿನ ಬಳಕೆ ಇದ್ದರೆ ವಿಫಲವಾಗುವ ಸಂಭವ ಹೆಚ್ಚು. ಸಾಲ ಮಾಡಿ ಇಂಪ್ಲಾಂಟ್ ಹಾಕಿಸಿಕೊಳ್ಳುವ ಮೊದಲು ಉಳಿದೆರಡು ವಿಧಾನಗಳ ಬಗ್ಗೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ವಿವೇಕ.

ಎಲ್ಲ ಹಲ್ಲುಗಳೂ ಹೋದ ಹಿರಿಯರು

ಊರಿನಲ್ಲಿ ಅತಿ ಹೆಚ್ಚು ನಷ್ಟ ಅನುಭವಿಸುತ್ತ ಅತಿ ಕಡಿಮೆ ದೂರುವವರು ಬೊಚ್ಚುಬಾಯಿಯ ಹಿರಿಯರು. ರೊಟ್ಟಿ ಬಿಟ್ಟು ಗಂಜಿಗೆ ಬರುತ್ತಾರೆ. ಕಾಳು, ಸೊಪ್ಪು, ಹಸಿ ತರಕಾರಿ, ಮಾಂಸ ತಟ್ಟೆಯಿಂದ ಮರೆಯಾಗುತ್ತವೆ. ಮುದ್ದೆಯನ್ನೇನೋ ನುಂಗಬಹುದು, ಜೊತೆಗಿನ ಕಾಳುಸಾರಿನ ಕಾಳು ಹಾಗೆಯೇ ಉಳಿಯುತ್ತದೆ. ದೇಹ ಇಳಿಯುತ್ತದೆ. ಮಾತು ಅಸ್ಪಷ್ಟವಾಗುತ್ತದೆ, ಮದುವೆಯ ಪಂಕ್ತಿಯಲ್ಲಿ ಕೂರಲು ಸಂಕೋಚಪಡುತ್ತಾರೆ. ವಯಸ್ಸಾದ ಮೇಲೆ ಇದು ಸಹಜವೆಂದು ಮನೆಯವರೂ ಸುಮ್ಮನಿರುತ್ತಾರೆ.

ಇಂಥವರಿಗೆ ಪೂರ್ಣ ಕೃತಕ ದಂತಪಂಕ್ತಿ, ಅಂದರೆ ಹಲ್ಲಿನ ಸೆಟ್ಟು, ಸೂಕ್ತ ಪರಿಹಾರ. ಕೊನೆಯ ಹಲ್ಲು ಕಿತ್ತ ನಂತರ ಒಸಡು ಮಾಯಲು ಕೆಲವು ವಾರಗಳು ಬೇಕು. ಅನಂತರ ದವಡೆಯ ಅಚ್ಚು ತೆಗೆಯುವುದು, ಕಚ್ಚುವ ಅಳತೆ ನೋಡುವುದು, ಮೇಣದ ಮೇಲೆ ಜೋಡಿಸಿದ ಹಲ್ಲುಗಳನ್ನು ಹಾಕಿ ಪರೀಕ್ಷಿಸುವುದು, ಸಿದ್ಧವಾದ ಸೆಟ್ಟನ್ನು ಕೊಡುವುದು, ನೋವಿರುವ ಕಡೆ ಅರೆದು ಸರಿಪಡಿಸುವುದು ಹೀಗೆ 4ರಿಂದ 6 ಭೇಟಿಗಳಾಗುತ್ತವೆ.

ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಒದಗಿಸಲು ರಾಜ್ಯ ಸರ್ಕಾರವು ‘ದಂತಭಾಗ್ಯ’ ಯೋಜನೆಯನ್ನು ರೂಪಿಸಿದೆ. ದಂತ ವೈದ್ಯಕೀಯ ಕಾಲೇಜುಗಳ ಸಹಯೋಗದಲ್ಲಿ ಇದನ್ನು ಜಾರಿಗೊಳಿಸಲಾಗಿದೆ. ಅರ್ಹರ ವಯೋಮಿತಿ, ಬೇಕಾದ ದಾಖಲೆಗಳು ಮತ್ತು ಸೇವೆ ನೀಡುವ ಸಮೀಪದ ಕೇಂದ್ರದ ವಿವರವನ್ನು ಸದಸ್ಯರು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಿಂದ ಪಡೆದು ಪಂಚಾಯತಿ ಕಚೇರಿಯಲ್ಲಿ ಪ್ರಕಟಿಸಬೇಕು.

ಸೆಟ್ಟು ಕೈಗೆ ಬಂದ ಮೇಲೂ ಕೆಲಸ ಉಳಿದಿರುತ್ತದೆ. ಸಿಕ್ಕ ಸೆಟ್ಟನ್ನು ಡಬ್ಬಿಯಲ್ಲಿಟ್ಟು ಮತ್ತೆ ಗಂಜಿಗೆ ಮರಳಿದ ಹಿರಿಯರು ಹಲವು ಊರುಗಳಲ್ಲಿದ್ದಾರೆ. ಅವರಿಗೂ ಮನೆಯವರಿಗೂ ಈ ಕೆಳಗಿನವನ್ನು ತಿಳಿಸಬೇಕು. ಮೊದಲ ಕೆಲವು ವಾರ ಬಾಯಿ ತುಂಬಿದಂತೆ ಅನಿಸುವುದು, ಎಂಜಲು ಹೆಚ್ಚುವುದು, ಮಾತು ತೊದಲುವುದು ಸಹಜ. ಕೆಳಗಿನ ಸೆಟ್ಟು ಮೇಲಿನದಕ್ಕಿಂತ ಸಡಿಲವಾಗಿಯೇ ಇರುತ್ತದೆ. ಮೆತ್ತನೆಯ ಆಹಾರವನ್ನು ಸಣ್ಣ ತುತ್ತುಗಳಲ್ಲಿ, ಎರಡೂ ಕಡೆ ಅಗಿದು ಆರಂಭಿಸಬೇಕು. ಸ್ವಂತ ಹಲ್ಲಿನಷ್ಟು ಬಲ ಬರುವುದಿಲ್ಲ, ಆದರೆ ಬೇಯಿಸಿದ ಕಾಳು, ಪಲ್ಯ, ಸಾರಿನಲ್ಲಿ ನೆನೆಸಿದ ರೊಟ್ಟಿ ತಟ್ಟೆಗೆ ಮರಳುತ್ತವೆ. ಒಸಡಿಗೆ ಒತ್ತಿ ಹುಣ್ಣಾದರೆ ಮನೆಯಲ್ಲಿ ಅರದಿಂದ ಉಜ್ಜದೆ ವೈದ್ಯರಲ್ಲಿಗೆ ಒಯ್ಯಬೇಕು. ರಾತ್ರಿ ತೆಗೆದು, ಸಾಬೂನಿನ ನೀರಿನಲ್ಲಿ ಬ್ರಷ್‌ನಿಂದ ತೊಳೆದು, ತಣ್ಣೀರಿನಲ್ಲಿ ಇಡಬೇಕು. ಬಿಸಿನೀರಿಗೆ ಅದರ ಆಕಾರ ಕೆಡುತ್ತದೆ. ವರ್ಷಗಳು ಕಳೆದಂತೆ ಒಸಡು ಸವೆದು ಸೆಟ್ಟು ಸಡಿಲವಾಗುವುದರಿಂದ ಕಾಲಕಾಲಕ್ಕೆ ತೋರಿಸಿ ಹೊಂದಿಸಿಕೊಳ್ಳಬೇಕು.

ದೂರವಿರಬೇಕಾದ ಅಪಾಯಗಳು

ಜಾತ್ರೆ, ಸಂತೆ ಮತ್ತು ಬಸ್ ನಿಲ್ದಾಣಗಳ ಬಳಿ ಹಲ್ಲು ಕೀಳುವ, ಹಲ್ಲು ಕೂರಿಸುವ ಅನರ್ಹರು ಈಗಲೂ ಕಾಣಸಿಗುತ್ತಾರೆ. ಒಂದೇ ಗಂಟೆಯಲ್ಲಿ ಹಲ್ಲು ಕಟ್ಟಿಕೊಡುವುದಾಗಿ ಹೇಳಿ, ಉಳಿದ ಹಲ್ಲು ಮತ್ತು ಒಸಡಿನ ಮೇಲೆಯೇ ಅಕ್ರಿಲಿಕ್ ಹಿಟ್ಟನ್ನು ಅಂಟಿಸಿ ಗಟ್ಟಿ ಮಾಡುತ್ತಾರೆ. ತೆಗೆದು ತೊಳೆಯಲಾಗದ ಆ ತುಂಡಿನ ಅಡಿಯಲ್ಲಿ ಒಸಡು ಕೊಳೆತು, ಆಧಾರವಾಗಿದ್ದ ಒಳ್ಳೆಯ ಹಲ್ಲುಗಳೂ ಹೋಗುತ್ತವೆ. ಸರಿಯಾಗಿ ಕುದಿಸಿ ಶುದ್ಧಗೊಳಿಸದ ಉಪಕರಣಗಳಿಂದ ಕಾಮಾಲೆಯ ಬಿ ಮತ್ತು ಸಿ ವೈರಸ್ಸುಗಳು ಹಾಗೂ ಎಚ್‌ಐವಿ ಹರಡುವ ಅಪಾಯವಿದೆ. ಹೊಗೆ ಹಾಕಿ ಹಲ್ಲಿನ ಹುಳ ಬೀಳಿಸುವುದಾಗಿ ಹೇಳುವವರನ್ನೂ ನಂಬಬಾರದು. ನೋವಿನ ಹಲ್ಲಿನ ಮೇಲೆ ಹೊಗೆಸೊಪ್ಪು, ಸೀಮೆಎಣ್ಣೆ ಅಥವಾ ಮಾತ್ರೆಯ ಪುಡಿ ಇಡುವುದರಿಂದ ಒಸಡು ಸುಡುತ್ತದೆ. ಲವಂಗದ ಎಣ್ಣೆ ನೋವನ್ನು ಕೆಲಕಾಲ ತಗ್ಗಿಸಬಹುದು, ಸೋಂಕನ್ನು ಗುಣಪಡಿಸದು.

ಖಾಸಗಿ ದಂತ ಚಿಕಿತ್ಸಾಲಯಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ನೋಂದಣಿಯಾಗಿರಬೇಕು. ಸಂದೇಹವಿದ್ದಲ್ಲಿ ಸದಸ್ಯರು ತಾಲ್ಲೂಕು ಆರೋಗ್ಯಾಧಿಕಾರಿಗಳ ಗಮನಕ್ಕೆ ಲಿಖಿತವಾಗಿ ತರಬೇಕು.

ಗುಟ್ಕಾ, ಹೊಗೆಸೊಪ್ಪು ಮತ್ತು ಅಡಿಕೆಯ ಸತತ ಸೇವನೆಯಿಂದ ಕೆನ್ನೆಯ ಒಳಭಾಗ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಡಲಾಗದಿದ್ದರೆ ಪರೀಕ್ಷೆ ಮಾಡಿಸಬೇಕು. ಬಾಯಿ ತೆರೆಯದವರಿಗೆ ಬೇರುನಾಳದ ಚಿಕಿತ್ಸೆಯೂ ದುಸ್ತರ, ಸೆಟ್ಟಿನ ಅಚ್ಚು ತೆಗೆಯುವುದೂ ದುಸ್ತರ. ಎರಡು ವಾರಗಳಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಕ್ಯಾನ್ಸರ್ ಪರೀಕ್ಷೆ ಕಡ್ಡಾಯ.

ಹಲ್ಲುಗಳ ಮೇಲಿನ ಎಲ್ಲ ಕಂದು ಕಲೆಗಳೂ ಹುಳುಕಲ್ಲ. ಫ್ಲೋರೈಡ್ ಅಧಿಕವಿರುವ ಕೊಳವೆಬಾವಿಯ ನೀರು ಕುಡಿದು ಬೆಳೆದ ಮಕ್ಕಳ ಹಲ್ಲುಗಳಲ್ಲಿ ಸುಣ್ಣದಂತಹ ಬಿಳಿ ಪಟ್ಟೆಗಳು ಅಥವಾ ಕಂದು ಕಲೆಗಳು ಕಾಣುತ್ತವೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿಯೇ ಆಗುವ ಈ ಹಾನಿ ಉಜ್ಜುವುದರಿಂದ ಹೋಗುವುದಿಲ್ಲ. ಇದರ ಮದ್ದು ಪಂಚಾಯತಿಯ ಕೈಯಲ್ಲಿಯೇ ಇದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು; ಬೇರೆ ನೀರಿನ ಮೂಲವಿಲ್ಲದಿದ್ದರೂ 1.5 ಮಿಲಿಗ್ರಾಂ ಮೀರಬಾರದು. ಒಂದೇ ಊರಿನ ಹಲವು ಮಕ್ಕಳಲ್ಲಿ ಇಂತಹ ಕಲೆ ಕಂಡರೆ ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಬೇಕು.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

ದಂತ ತಪಾಸಣಾ ಶಿಬಿರಗಳು ನಡೆಯುತ್ತವೆ. ನೂರಾರು ಜನ ಬಾಯಿ ತೋರಿಸುತ್ತಾರೆ. ಕೈಯಲ್ಲಿ ಚೀಟಿ ಹಿಡಿದು ಮನೆಗೆ ಹೋಗುತ್ತಾರೆ. ಚೀಟಿಯಲ್ಲಿ ಬರೆದ ಚಿಕಿತ್ಸೆ ಎಷ್ಟು ಜನರಿಗೆ ದೊರೆಯಿತು ಎಂಬುದೇ ಶಿಬಿರದ ನಿಜವಾದ ಲೆಕ್ಕ. ಈ ದೃಷ್ಟಿಯಿಂದ ಕೆಳಗಿನ ಕ್ರಮಗಳನ್ನು ಕೈಗೊಳ್ಳುವುದು ಸೂಕ್ತ.

1. ಪ್ರತಿ ವಾರ್ಡಿನ ಸದಸ್ಯರು ಆಶಾ ಕಾರ್ಯಕರ್ತೆಯರ ನೆರವಿನಿಂದ ಮೂರು ಪಟ್ಟಿಗಳನ್ನು ಸಿದ್ಧಪಡಿಸಬೇಕು: ಎಲ್ಲ ಅಥವಾ ಬಹುತೇಕ ಹಲ್ಲುಗಳನ್ನು ಕಳೆದುಕೊಂಡ ಹಿರಿಯರು, ಹಲ್ಲುನೋವಿಗೆ ಪದೇ ಪದೇ ಮಾತ್ರೆ ನುಂಗುತ್ತಿರುವವರು, ಅರ್ಧಕ್ಕೆ ಚಿಕಿತ್ಸೆ ನಿಲ್ಲಿಸಿದವರು. ಪಟ್ಟಿಯನ್ನು ಸಭೆಯಲ್ಲಿ ಓದಬಾರದು. ಬಾಯಿಯ ಸ್ಥಿತಿ ನಗೆಯ ವಸ್ತುವಾಗದಂತೆ ಮನೆಗೆ ಹೋಗಿ ಮಾತನಾಡಬೇಕು.

2. ತಾಲ್ಲೂಕು ಆಸ್ಪತ್ರೆ ಅಥವಾ ಸಮುದಾಯ ಆರೋಗ್ಯ ಕೇಂದ್ರದ ದಂತವೈದ್ಯರನ್ನು ಸಂಪರ್ಕಿಸಿ, ಆ ಪಂಚಾಯತಿಯ ಜನರಿಗಾಗಿ ತಿಂಗಳಲ್ಲಿ ಒಂದು ನಿಗದಿತ ದಿನವನ್ನು ಕೋರಬೇಕು. ಹತ್ತು ಜನ ಒಟ್ಟಾಗಿ ಒಂದೇ ವಾಹನದಲ್ಲಿ ಹೋಗಿಬಂದರೆ ತಲಾ ಖರ್ಚು ಇಳಿಯುತ್ತದೆ, ಜೊತೆಗೆ ಒಬ್ಬರು ಬಂದರೆ ಸಾಕಾಗುತ್ತದೆ, ಎರಡನೆಯ ಭೇಟಿಯನ್ನು ಯಾರೂ ಮರೆಯುವುದಿಲ್ಲ.

3. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಬಾಯಿಯ ಆರೋಗ್ಯವನ್ನು ಕಾರ್ಯಸೂಚಿಗೆ ಸೇರಿಸಬೇಕು. ಅಶಕ್ತ ಹಿರಿಯರ ಪ್ರಯಾಣಕ್ಕೆ ಸಮಿತಿಯ ಅನುದಾನದಿಂದ ನಿಯಮಾನುಸಾರ ನೆರವು ನೀಡುವ ಸಾಧ್ಯತೆಯನ್ನು ಪರಿಶೀಲಿಸಬೇಕು.

4. ಶಿಬಿರ ಏರ್ಪಡಿಸುವ ಸಂಸ್ಥೆಯಿಂದ ಮುಂದಿನ ಚಿಕಿತ್ಸೆಯ ಸ್ಥಳ, ದಿನಾಂಕ ಮತ್ತು ವೆಚ್ಚದ ವಿವರವನ್ನು ಅನುಮತಿಗೆ ಮೊದಲೇ ಪಡೆಯಬೇಕು. ಶಿಬಿರದ ಸ್ಥಳದಲ್ಲಿ ಶುದ್ಧ ನೀರು, ವಿದ್ಯುತ್ ಮತ್ತು ತ್ಯಾಜ್ಯ ವಿಲೇವಾರಿಯ ವ್ಯವಸ್ಥೆ ಇರಬೇಕು.

5. ಅಂಗನವಾಡಿ ಮತ್ತು ಶಾಲೆಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ತಪಾಸಣೆಯಲ್ಲಿ ಗುರುತಿಸಿದ ಹುಳುಕುಹಲ್ಲಿನ ಮಕ್ಕಳ ಪಟ್ಟಿಯನ್ನು ಪಡೆದು, ಅವರು ಚಿಕಿತ್ಸೆಗೆ ಹೋದರೇ ಎಂದು ವಿಚಾರಿಸಬೇಕು. ಶಾಲೆಯ ಸುತ್ತಮುತ್ತ ತಂಬಾಕು ಉತ್ಪನ್ನಗಳ ಮಾರಾಟ ನಡೆಯದಂತೆ ನೋಡಿಕೊಳ್ಳಬೇಕು.

6. ಜಾತ್ರೆ ಹಾಗೂ ಸಂತೆಗಳ ಮಳಿಗೆಗಳಿಗೆ ಅನುಮತಿ ನೀಡುವಾಗ ಹಲ್ಲು ಕೀಳುವ ಮತ್ತು ಕಟ್ಟುವ ಅನರ್ಹರಿಗೆ ಅವಕಾಶ ನೀಡಬಾರದು.

7. ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜುವ ಅಭ್ಯಾಸದ ಬಗ್ಗೆ ತಿಳಿವಳಿಕೆ ನೀಡಬೇಕು. ಇದ್ದಿಲು, ಇಟ್ಟಿಗೆ ಪುಡಿ ಮತ್ತು ಮರಳು ಎನಾಮಲನ್ನು ಸವೆಸುತ್ತವೆ. ನೀರಿನಲ್ಲಿಯೇ ಫ್ಲೋರೈಡ್ ಅಧಿಕವಿರುವ ಊರುಗಳಲ್ಲಿ ಚಿಕ್ಕ ಮಕ್ಕಳ ಪೇಸ್ಟಿನ ಬಗ್ಗೆ ದಂತವೈದ್ಯರ ಸಲಹೆ ಪಡೆಯಬೇಕು.

ಸಿಮೆಂಟು ತುಂಬಿಸಲು ಒಂದು ಭೇಟಿ, ಬೇರುನಾಳದ ಚಿಕಿತ್ಸೆಗೆ ಎರಡು ಮೂರು, ಪೂರ್ಣ ಸೆಟ್ಟಿಗೆ ಐದಾರು. ಈ ಲೆಕ್ಕದಲ್ಲಿ ತಡಮಾಡಿದಷ್ಟೂ ಭೇಟಿಗಳು ಹೆಚ್ಚುತ್ತವೆ, ಕೊನೆಗೆ ದೊರೆಯುವ ಹಲ್ಲಿನ ಬಲ ಕುಗ್ಗುತ್ತದೆ. ನೋವಿಲ್ಲದ ಕಪ್ಪು ಚುಕ್ಕೆ ಇರುವಾಗಲೇ ಒಬ್ಬರನ್ನು ಆಸ್ಪತ್ರೆಗೆ ಕಳುಹಿಸಿದರೆ ಅವರ ಮುಂದಿನ ಹಲವು ದಿನಗಳ ಕೂಲಿ ಉಳಿಯುತ್ತದೆ. ತಡವಾಗಿಹೋದ ಹಿರಿಯರನ್ನು ಸೆಟ್ಟು ಸಿಗುವವರೆಗೂ, ಅದು ಬಾಯಿಗೆ ಹೊಂದುವವರೆಗೂ ಕರೆದೊಯ್ದರೆ ಅವರು ಮನೆಮಂದಿಯೊಡನೆ ಕುಳಿತು ಅದೇ ಊಟವನ್ನು ಉಣ್ಣುವಂತಾಗುತ್ತದೆ. ಮುಂದಿನ ವಾರ್ಡ್ ಸಭೆಗೆ ಮೊದಲು ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಪಟ್ಟಿಯನ್ನು ಪೂರ್ಣಗೊಳಿಸಿ, ಚಿಕಿತ್ಸೆಯ ಮೊದಲ ನಿಗದಿತ ದಿನವನ್ನು ಗೊತ್ತುಪಡಿಸಿಕೊಳ್ಳುವುದು ಅಪೇಕ್ಷಣೀಯ.